ಹೆಸರು ಅಲ್ಲಿ, ಉಸಿರು ಇಲ್ಲಿ

ವೃತ್ತಿನಾಟಕ ಕಂಪೆನಿಗಳ ವೈಭವದ ಕಾಲವನ್ನು ಬಲ್ಲವರಿಗೆ ಒಂದು ಸಂಗತಿ ಹೊಸದಾಗಿ ತೋರಲಾರದು. ಕಂಪೆನಿಯ ಮಾಲೀಕನಿಗೂ ನಟವರ್ಗಕ್ಕೂ ಮನಸ್ತಾಪ ಬೆಳೆದಾಗ ನಟರು ಒಟ್ಟಾಗಿ ಹೊರಬಿದ್ದು ಬೇರೊಂದು ಮಂಡಲಿಯನ್ನು ಕಟ್ಟಿಕೊಳ್ಳುವುದುಂಟು. ಪರದೆ, ಪೋಷಾಕು, ಸೀನರಿ ಮೊದಲಾದುವೆಲ್ಲ ಮಾಲೀಕನ ಪಾಲಿಗೆ ಉಳಿಯುತ್ತಿದ್ದುವು. ಎಲ್ಲಕ್ಕಿಂತ ಮಿಗಿಲಾಗಿ ಕಂಪೆನಿಯ ಹೆಸರು ಅವನದಾಗಿಯೇ ಉಳಿಯುತ್ತಿತ್ತು. ಮಾತು, ಹಾಡು, ಅಭಿನಯಗಳು ಮಾತ್ರ ನಟರ ಜತೆಯಲ್ಲಿಯೇ ಹೊರಡುತ್ತಿದ್ದುವು. ಈ ಜಗಳದಲ್ಲಿ ನಿಜವಾಗಿ ಮೋಸಹೋಗುತ್ತಿದ್ದವನು ಪ್ರೇಕ್ಷಕ. ಹಳೆಯ ಹೆಸರಿನ ಫಲಕವನ್ನು ನಂಬಿ ಟಿಕೆಟು ಕೊಂಡು ಅವನು ಒಳಗೆ ಹೋದರೆ, ಅವನು ಮೆಚ್ಚಿದ ನಟ ಬೇರೊಂದು ಊರಿನ ಡೇರೆಯಲ್ಲಿ ಹಾಡುತ್ತಿರುತ್ತಿದ್ದ.

ಇದನ್ನೇ ಹೋಲುವ ಒಂದು ಪ್ರಸಂಗ 2010ರಲ್ಲಿ ಕಂಪ್ಯೂಟರ್ ಜಗತ್ತಿನಲ್ಲಿ ನಡೆಯಿತು. ಅಲ್ಲಿ ಮನೆ ಬದಲಾಯಿಸಿದ್ದು ನಾಟಕ ಮಂಡಲಿಯಲ್ಲ. ಲಕ್ಷಾಂತರ ಕುಟುಂಬಗಳು ಪತ್ರ ಬರೆಯಲು, ಮನೆಯ ಲೆಕ್ಕವಿಡಲು, ಮಕ್ಕಳ ಪ್ರಬಂಧವನ್ನು ಅಚ್ಚುಕಟ್ಟಾಗಿ ಮುದ್ರಿಸಲು ಬಳಸುತ್ತಿದ್ದ ಒಂದು ತಂತ್ರಾಂಶ. ಅದರ ಹೆಸರು 'ಓಪನ್ ಆಫೀಸ್'. ಅದನ್ನು ಬೆಳೆಸಿದವರಲ್ಲಿ ಹಲವರು ಹಳೆಯ ಆಶ್ರಯವನ್ನು ತೊರೆದು ತಮ್ಮದೇ ಪ್ರತಿಷ್ಠಾನವೊಂದನ್ನು ಸ್ಥಾಪಿಸಿಕೊಂಡರು. ಹೆಸರು ಹಿಂದೆಯೇ ಉಳಿಯಿತು. ಮುಂದೆ ಅದೂ ಬೇರೊಂದು ಪ್ರತಿಷ್ಠಾನದ ಮಡಿಲನ್ನು ಸೇರಿತು. ಒಂದೇ ಸಂಸಾರ ಎರಡು ಮನೆಯಾಯಿತು.

ಮೂಲಪಾಠವೆಂಬ ಆಸ್ತಿ

ಕತೆಗೆ ಮೊದಲು ಒಂದು ವಿಷಯ ತಿಳಿದಿರಬೇಕು. ಪ್ರತಿಯೊಂದು ತಂತ್ರಾಂಶಕ್ಕೂ ಮನುಷ್ಯರು ಬರೆದ ಮೂಲಪಾಠವೊಂದು ಇರುತ್ತದೆ. ಕಂಪ್ಯೂಟರು ಏನು ಮಾಡಬೇಕು, ಹೇಗೆ ಮಾಡಬೇಕು ಎಂಬ ಸೂಚನೆಗಳ ಬರಹವೇ ಅದು. ಸಾಮಾನ್ಯವಾಗಿ ವ್ಯಾಪಾರಿ ಕಂಪೆನಿಗಳು ಇದನ್ನು ಗುಟ್ಟಾಗಿಟ್ಟು, ಬಳಸುವ ಅನುಮತಿಯನ್ನು ಮಾತ್ರ ಮಾರುತ್ತವೆ. ಮುಕ್ತ ತಂತ್ರಾಂಶದ ಪದ್ಧತಿ ಬೇರೆ. ಅದರ ಮೂಲಪಾಠವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದ ಪ್ರತಿಯನ್ನು ಇತರರಿಗೆ ಹಂಚಬಹುದು. ಈ ಹಕ್ಕು ಯಾರ ದಯೆಯೂ ಅಲ್ಲ. ತಂತ್ರಾಂಶದೊಡನೆ ಬರುವ ಲೈಸೆನ್ಸು ಪತ್ರದಲ್ಲಿಯೇ ಅದು ಲಿಖಿತವಾಗಿರುತ್ತದೆ. ಒಮ್ಮೆ ಕೊಟ್ಟ ಪ್ರತಿಯನ್ನು ಒಡೆಯನು ಹಿಂದಕ್ಕೆ ಕೇಳುವಂತಿಲ್ಲ.

ಹಾಗಾದರೆ ಒಡೆಯನಿಗೆ ಉಳಿಯುವುದೇನು? ಮುಖ್ಯವಾಗಿ ಹೆಸರು. ಹೆಸರು ವ್ಯಾಪಾರಮುದ್ರೆಯ ಕಾನೂನಿಗೆ ಒಳಪಟ್ಟದ್ದು. ಮೂಲಪಾಠದ ಲೈಸೆನ್ಸು ಅದನ್ನು ಯಾರಿಗೂ ದಾನ ಮಾಡುವುದಿಲ್ಲ. ಅದರ ಜತೆಗೆ ಅಂತರಜಾಲದ ವಿಳಾಸ, ಕೆಲಸ ನಡೆಯುವ ಯಂತ್ರಗಳು, ಸಂಬಳ ಕೊಡುವ ಹಣ. ಇಡೀ ವ್ಯಾಜ್ಯದ ಬೀಜ ಇಲ್ಲಿಯೇ ಅಡಗಿದೆ.

ಹದಿನಾರರ ಹುಡುಗನ ಸಾಹಸ

ಓಪನ್ ಆಫೀಸಿನ ವಂಶಾವಳಿ ಜರ್ಮನಿಗೆ ಸೇರಿದ್ದು. 1985ರಲ್ಲಿ ಲ್ಯೂನೆಬುರ್ಗ್ ಎಂಬ ಊರಿನಲ್ಲಿ ಹದಿನಾರು ವರ್ಷದ ಮಾರ್ಕೊ ಬೋರೀಸ್ ಎಂಬ ಹುಡುಗ 'ಸ್ಟಾರ್ ಡಿವಿಷನ್' ಎಂಬ ಕಂಪೆನಿಯನ್ನು ತೆರೆದ. ಬರಹದ ತಂತ್ರಾಂಶದಿಂದ ಆರಂಭವಾದ ಅವನ ಉದ್ಯಮ ಕ್ರಮೇಣ ಬೆಳೆದು 'ಸ್ಟಾರ್ ಆಫೀಸ್' ಎಂಬ ಪೂರ್ಣ ಪ್ರಮಾಣದ ಕಚೇರಿ ತಂತ್ರಾಂಶವಾಯಿತು. 1999ರಲ್ಲಿ ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪೆನಿ 7 ಕೋಟಿ 35 ಲಕ್ಷ ಡಾಲರುಗಳನ್ನು ತೆತ್ತು ಆ ಉದ್ಯಮವನ್ನು ಕೊಂಡುಕೊಂಡಿತು.

ಆಗ ಕಚೇರಿ ತಂತ್ರಾಂಶದ ಪೇಟೆಯಲ್ಲಿ ಮೈಕ್ರೋಸಾಫ್ಟಿನದೇ ರಾಜ್ಯಭಾರ. ಅದನ್ನು ಬೆಲೆಯಿಂದ ಗೆಲ್ಲುವುದು ಕಷ್ಟವೆಂದು ಬಗೆದ ಸನ್, ಬೆಲೆಯನ್ನೇ ತೆಗೆದುಹಾಕುವ ದಾರಿ ಹಿಡಿಯಿತು. 2000ದ ಜುಲೈ 19ರಂದು ಸ್ಟಾರ್ ಆಫೀಸಿನ ಮೂಲಪಾಠವನ್ನು ಲೋಕಕ್ಕೆ ಬಿಟ್ಟುಕೊಡುವುದಾಗಿ ಸಾರಿ, ಅಕ್ಟೋಬರ್ 13ರಂದು ಅದನ್ನು ಪ್ರಕಟಿಸಿತು. ಹೆಸರಿನ ತೊಡಕು ಹುಟ್ಟಿನಿಂದಲೇ ಜತೆಗೆ ಬಂದಿತ್ತೆಂಬುದು ಸ್ವಾರಸ್ಯದ ಸಂಗತಿ. 'ಓಪನ್ ಆಫೀಸ್' ಎಂಬ ಹೆಸರಿನ ಮೇಲೆ ಯೂರೋಪಿನಲ್ಲಿ ಆಗಲೇ ಬೇರೆಯವರ ಹಕ್ಕಿದ್ದುದರಿಂದ, ಹೊಸ ತಂತ್ರಾಂಶವನ್ನು ಅಂತರಜಾಲದ ವಿಳಾಸದ ಬಾಲವನ್ನೂ ಸೇರಿಸಿ 'ಓಪನ್ ಆಫೀಸ್ ಡಾಟ್ ಆರ್ಗ್' ಎಂದು ಕರೆಯಬೇಕಾಯಿತು.

2002ರ ಮೇ ತಿಂಗಳಲ್ಲಿ ಮೊದಲನೆಯ ಪೂರ್ಣ ಆವೃತ್ತಿ ಹೊರಬಂದಿತು. ಇದರ ಕಡತಗಳ ರೂಪವನ್ನು ಆಧರಿಸಿ ರಚಿತವಾದ 'ಓಪನ್ ಡಾಕ್ಯುಮೆಂಟ್' ಎಂಬ ಮಾದರಿಗೆ 2006ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಮನ್ನಣೆಯೂ ದೊರೆಯಿತು. ಒಂದು ಕಂಪೆನಿಯ ತಂತ್ರಾಂಶದಲ್ಲಿ ಬರೆದ ದಾಖಲೆಯನ್ನು ನಾಳೆ ಬೇರೆಯದರಲ್ಲಿ ತೆರೆಯುವಂತಿರಬೇಕು ಎಂಬ ಪ್ರಜೆಗಳ ಹಕ್ಕಿಗೆ ಇದು ದೊಡ್ಡ ಬೆಂಬಲ.

ಕೊಟ್ಟ ಮಾತು

ಆರಂಭದಲ್ಲಿಯೇ ಸನ್ ಒಂದು ಭರವಸೆಯನ್ನು ಕೊಟ್ಟಿತ್ತು: ಈ ಯೋಜನೆಯನ್ನು ಸಕಾಲದಲ್ಲಿ ಸ್ವತಂತ್ರ ಪ್ರತಿಷ್ಠಾನವೊಂದರ ವಶಕ್ಕೆ ಒಪ್ಪಿಸಲಾಗುವುದು. ಹತ್ತು ವರ್ಷ ಕಳೆದರೂ ಆ ಸಕಾಲ ಕೂಡಿಬರಲಿಲ್ಲ. ಹೊರಗಿನವರು ತಾವು ಬರೆದ ಭಾಗವನ್ನು ಮೂಲಪಾಠಕ್ಕೆ ಸೇರಿಸಬೇಕಾದರೆ, ಅದರ ಸ್ವಾಮ್ಯದಲ್ಲಿ ಸನ್ ಕಂಪೆನಿಗೂ ಪಾಲು ಕೊಡುವ ಪತ್ರಕ್ಕೆ ರುಜು ಹಾಕಬೇಕಾಗಿತ್ತು. ಪುಕ್ಕಟೆಯಾಗಿ ದುಡಿಯಲು ಬಂದವರಿಗೆ ಇದು ಹಿಡಿಸದಿದ್ದುದು ಸಹಜವೇ. ಒಪ್ಪಿಗೆ ದೊರೆಯದ ತಿದ್ದುಪಡಿಗಳನ್ನು ಒಂದೆಡೆ ಸೇರಿಸಿ, ನೊವೆಲ್ ಕಂಪೆನಿಯ ಆಶ್ರಯದಲ್ಲಿ 'ಗೋ-ಊ' ಎಂಬ ಬೇರೊಂದು ಪಾಠವೂ ಹುಟ್ಟಿಕೊಂಡಿತು.

ಆದರೂ ಸನ್ ಕಂಪೆನಿಯನ್ನು ಕೇವಲ ದೂರುವುದು ನ್ಯಾಯವಲ್ಲ. ಕೊಂಡ ಆಸ್ತಿಯನ್ನು ಲೋಕಕ್ಕೆ ತೆರೆದಿಟ್ಟದ್ದು ಅದೇ. ಕೆಲಸಗಾರರಲ್ಲಿ ಹೆಚ್ಚಿನವರಿಗೆ ಸಂಬಳ ಕೊಟ್ಟದ್ದೂ ಅದೇ. ತಪ್ಪು ನಡೆದದ್ದು ಒಂದೆಡೆಯಲ್ಲಿ. ಯಜಮಾನ ಒಳ್ಳೆಯವನೆಂಬ ಧೈರ್ಯದಲ್ಲಿ ಎಲ್ಲರೂ ಪತ್ರವನ್ನು ಮಾಡಿಸಿಕೊಳ್ಳದೆ ಉಳಿದರು. ಯಜಮಾನನೇ ಬದಲಾದರೆ ಗತಿಯೇನು ಎಂಬ ಪ್ರಶ್ನೆಗೆ ಉತ್ತರ ಸಿದ್ಧವಾಗಿರಲಿಲ್ಲ.

ಆ ದಿನವೂ ಬಂದಿತು. 2009ರ ಏಪ್ರಿಲಿನಲ್ಲಿ ಒರಾಕಲ್ ಕಂಪೆನಿ ಸನ್ನನ್ನು 740 ಕೋಟಿ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿತು; 2010ರ ಜನವರಿಯಲ್ಲಿ ವ್ಯವಹಾರ ಪೂರ್ಣವಾಯಿತು. ಸನ್ನಿನ ಗಂಟಿನೊಡನೆ ಓಪನ್ ಆಫೀಸೂ ಹೊಸ ಯಜಮಾನನ ಮನೆ ಸೇರಿತು. ಅದೇ ವರ್ಷದ ಆಗಸ್ಟಿನಲ್ಲಿ, ಸನ್ ಹುಟ್ಟಿಸಿದ್ದ 'ಓಪನ್ ಸೊಲಾರಿಸ್' ಎಂಬ ಇನ್ನೊಂದು ಮುಕ್ತ ಯೋಜನೆಯ ಆಡಳಿತ ಮಂಡಲಿ, ಒರಾಕಲ್ ತಮ್ಮೊಡನೆ ಮಾತನ್ನೇ ಆಡುತ್ತಿಲ್ಲವೆಂದು ಬೇಸತ್ತು ತನ್ನನ್ನು ತಾನೇ ವಿಸರ್ಜಿಸಿಕೊಂಡಿತು. ಪಕ್ಕದ ಮನೆಯ ದೀಪ ಆರಿದ್ದನ್ನು ಕಂಡು ಓಪನ್ ಆಫೀಸಿನವರು ಎಚ್ಚೆತ್ತರು.

ಮನೆ ಬಿಟ್ಟ ದಿನ

2010ರ ಸೆಪ್ಟೆಂಬರ್ 28ರಂದು ಓಪನ್ ಆಫೀಸಿನ ಸಮುದಾಯದ ಪ್ರಮುಖರು 'ದಿ ಡಾಕ್ಯುಮೆಂಟ್ ಫೌಂಡೇಶನ್' ಎಂಬ ಪ್ರತಿಷ್ಠಾನದ ಉದಯವನ್ನು ಘೋಷಿಸಿದರು. ಹತ್ತು ವರ್ಷಗಳ ಹಿಂದಿನ ಸ್ವಾತಂತ್ರ್ಯದ ಭರವಸೆಯನ್ನು ತಾವೇ ನೆರವೇರಿಸಿಕೊಳ್ಳುತ್ತಿರುವುದಾಗಿ ಸಾರಿದರು. ನೊವೆಲ್, ರೆಡ್ ಹ್ಯಾಟ್, ಕೆನಾನಿಕಲ್, ಗೂಗಲ್ ಕಂಪೆನಿಗಳು ಬೆಂಬಲಕ್ಕೆ ನಿಂತವು. ಹೊರಟವರು ಬಾಗಿಲನ್ನು ಬಡಿದು ಹೊರಡಲಿಲ್ಲ. ಒರಾಕಲನ್ನೂ ಸದಸ್ಯತ್ವಕ್ಕೆ ಆಹ್ವಾನಿಸಿ, ಹಳೆಯ ಹೆಸರನ್ನು ಪ್ರತಿಷ್ಠಾನಕ್ಕೆ ದಾನವಾಗಿ ಕೊಡಬೇಕೆಂದು ವಿನಂತಿಸಿದರು. ಅಲ್ಲಿಯವರೆಗೆ ತಂತ್ರಾಂಶಕ್ಕೆ ತಾತ್ಕಾಲಿಕವಾಗಿ 'ಲಿಬ್ರೆ ಆಫೀಸ್' ಎಂದು ಹೆಸರಿಟ್ಟರು. 'ಲಿಬ್ರೆ' ಎಂದರೆ ಸ್ವತಂತ್ರ. ಆ ತಾತ್ಕಾಲಿಕ ನಾಮಧೇಯವೇ ಶಾಶ್ವತವಾಯಿತು.

ಅಕ್ಟೋಬರಿನಲ್ಲಿ ಹಳೆಯ ಸಮುದಾಯ ಪರಿಷತ್ತಿನ ಸಭೆ ಸೇರಿದಾಗ, ಹೊಸ ಪ್ರತಿಷ್ಠಾನವನ್ನು ಸೇರಿದ ಸದಸ್ಯರು ಪರಿಷತ್ತಿಗೆ ರಾಜೀನಾಮೆ ಕೊಡಬೇಕೆಂದು ಒರಾಕಲಿನ ಕಡೆಯವರು ಸೂಚಿಸಿದರು. ಎರಡು ದೋಣಿಗಳ ಮೇಲೆ ಕಾಲಿಡುವುದು ಸಲ್ಲದೆಂಬುದು ಅವರ ವಾದ. ತಿಂಗಳು ಮುಗಿಯುವ ಹೊತ್ತಿಗೆ ಜರ್ಮನ್ ಸಮುದಾಯದ ಸ್ವಯಂಸೇವಕರೂ ಗುಂಪಾಗಿ ಹೊರನಡೆದರು. 2011ರ ಜನವರಿ 25ರಂದು ಲಿಬ್ರೆ ಆಫೀಸಿನ 3.3ನೆಯ ಆವೃತ್ತಿ ಹೊರಬಿದ್ದಿತು. ಮರುದಿನವೇ ಹಳೆಯ ಮನೆಯಿಂದ ಅದೇ ಸಂಖ್ಯೆಯ ಆವೃತ್ತಿ ಹೊರಬಿದ್ದಿತು. ಒಂದೇ ತಾಯಿಯ ಇಬ್ಬರು ಮಕ್ಕಳು ಒಂದು ದಿನದ ಅಂತರದಲ್ಲಿ ಬೀದಿಗೆ ಇಳಿದಂತಾಯಿತು.

ಎಂಟು ದಿನಗಳಲ್ಲಿ ಕೂಡಿದ ನಿಧಿ

ಘೋಷಣೆ ಮಾಡುವುದು ಸುಲಭ. ಸಂಸ್ಥೆಯನ್ನು ಕಾನೂನಿನ ಕಣ್ಣಿಗೆ ಕಾಣುವಂತೆ ಕಟ್ಟುವುದು ಕಷ್ಟ. ಸಂಸ್ಥಾಪಕರು ಜರ್ಮನಿಯ 'ಷ್ಟಿಫ್ಟುಂಗ್' ಎಂಬ ಪದ್ಧತಿಯನ್ನು ಆರಿಸಿಕೊಂಡರು. ನಮ್ಮ ಕಡೆ ಛತ್ರಕ್ಕೋ ಅರವಟ್ಟಿಗೆಗೋ ದತ್ತಿ ಬಿಡುವ ಕ್ರಮವನ್ನು ಬಲ್ಲವರಿಗೆ ಇದರ ಸ್ವರೂಪ ಥಟ್ಟನೆ ತಿಳಿಯುತ್ತದೆ. ಒಂದು ಉದ್ದೇಶಕ್ಕೆಂದು ಮೀಸಲಿಟ್ಟ ಆಸ್ತಿಗೆ ಷೇರುದಾರರಿಲ್ಲ, ಒಡೆಯರಿಲ್ಲ. ಆದುದರಿಂದ ಅದನ್ನು ಕೊಳ್ಳುವುದೂ ಸಾಧ್ಯವಿಲ್ಲ, ಮಾರುವುದೂ ಸಾಧ್ಯವಿಲ್ಲ. ಉದ್ದೇಶ ತಪ್ಪದಂತೆ ಸರಕಾರದ ಮೇಲ್ವಿಚಾರಣೆಯೂ ಉಂಟು. ಯಜಮಾನನ ಬದಲಾವಣೆಯಿಂದ ನೊಂದವರು ಯಜಮಾನನೇ ಇಲ್ಲದ ಮನೆಯನ್ನು ಹುಡುಕಿದ್ದರಲ್ಲಿ ಆಶ್ಚರ್ಯವೇನು?

ಇದಕ್ಕೆ ಮೂಲಧನವಾಗಿ 50,000 ಯೂರೋ ಬೇಕಾಗಿತ್ತು. 2011ರ ಫೆಬ್ರವರಿಯಲ್ಲಿ ಸಾರ್ವಜನಿಕರ ಮುಂದೆ ಕೈಯೊಡ್ಡಿದಾಗ, ತಿಂಗಳುಗಟ್ಟಲೆ ಕಾಯುವ ಪ್ರಮೇಯವೇ ಬರಲಿಲ್ಲ. ಎಂಟೇ ದಿನಗಳಲ್ಲಿ ಮೊತ್ತ ಕೂಡಿಬಂದಿತು. 2012ರ ಫೆಬ್ರವರಿ 17ರಂದು ಬರ್ಲಿನ್ನಿನಲ್ಲಿ ಪ್ರತಿಷ್ಠಾನ ವಿಧಿವತ್ತಾಗಿ ಸ್ಥಾಪಿತವಾಯಿತು. ಕೆಲಸ ಮಾಡಿ ತೋರಿಸಿದವರೇ ಅದರ ಸದಸ್ಯರು. ಸದಸ್ಯರ ಮತದಿಂದಲೇ ಆಡಳಿತ ಮಂಡಲಿ. ಆ ಮಂಡಲಿಯಲ್ಲಿಯೂ ಒಂದೇ ಕಂಪೆನಿಗೆ ಸೇರಿದವರು ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಾಗಕೂಡದೆಂದು ಕಟ್ಟಳೆ ಮಾಡಲಾಯಿತು. ಹಳೆಯ ಮನೆಯಲ್ಲಿ ಕಲಿತ ಪಾಠವನ್ನು ಹೊಸ ಮನೆಯ ಅಸ್ತಿಭಾರದಲ್ಲಿಯೇ ಹೂತಿಟ್ಟರು.

ಹೆಸರಿಗೆ ದೊರೆತ ಮನೆ

ಇತ್ತ ಒರಾಕಲಿಗೂ ಈ ಸಂಸಾರ ಬೇಡವಾಯಿತು. 2011ರ ಏಪ್ರಿಲ್ 15ರಂದು, ಓಪನ್ ಆಫೀಸಿನ ವ್ಯಾಪಾರವನ್ನು ನಿಲ್ಲಿಸಿ ಅದನ್ನು ಸಮುದಾಯಕ್ಕೆ ಒಪ್ಪಿಸುವುದಾಗಿ ಅದು ತಿಳಿಸಿತು. ಹೊರಹೋದವರಿಗೇ ಹೆಸರು ಮರಳಬಹುದೆಂದು ಹಲವರು ನಿರೀಕ್ಷಿಸಿದರು. ಆದರೆ ಜೂನ್ 1ರಂದು ಒರಾಕಲ್ ಮೂಲಪಾಠವನ್ನೂ ಹೆಸರನ್ನೂ ಕೊಟ್ಟದ್ದು ಅಮೆರಿಕದ 'ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್'ಗೆ. ಓಪನ್ ಆಫೀಸಿನ ಮೂಲಪಾಠದಿಂದ ತನ್ನದೇ ಕಚೇರಿ ತಂತ್ರಾಂಶವನ್ನು ರೂಪಿಸಿಕೊಂಡಿದ್ದ ಐಬಿಎಂ ಕಂಪೆನಿ ಇದನ್ನು ಬೆಂಬಲಿಸಿತು.

ಅಪಾಚೆಯೇನು ಸಾಮಾನ್ಯ ಸಂಸ್ಥೆಯಲ್ಲ. 1999ರಲ್ಲಿ ಸ್ಥಾಪಿತವಾದ ಅದು ಮುಕ್ತ ತಂತ್ರಾಂಶದ ಲೋಕದಲ್ಲಿ ಅತ್ಯಂತ ಗೌರವಾನ್ವಿತವಾದ ಆಶ್ರಯ. ಅಲ್ಲಿಗೆ ಬರುವ ಯೋಜನೆಯನ್ನು ಕೂಡಲೇ ಮನೆಯವರೆಂದು ಎಣಿಸುವುದಿಲ್ಲ. ಮೊದಲು 'ಇನ್‌ಕ್ಯುಬೇಟರ್' ಎಂಬ ತರಬೇತಿಯ ಅವಸ್ಥೆಯಲ್ಲಿರಿಸುತ್ತಾರೆ. ಮೂಲಪಾಠದ ಪ್ರತಿಯೊಂದು ಭಾಗದ ಹಕ್ಕುಪತ್ರವನ್ನೂ ಪರೀಕ್ಷಿಸುತ್ತಾರೆ. ತನ್ನ ಲೈಸೆನ್ಸಿಗೆ ಹೊಂದದ ಭಾಗಗಳನ್ನು ಕಿತ್ತು, ಅವುಗಳ ಜಾಗಕ್ಕೆ ಬೇರೆಯವನ್ನು ಕೂಡಿಸಬೇಕು. ಹತ್ತಾರು ವರ್ಷಗಳ ಹಳೆಯ ಮನೆಯ ಗೋಡೆಯಿಂದ ಒಂದೊಂದೇ ಇಟ್ಟಿಗೆ ತೆಗೆದು ಹೊಸದನ್ನು ಕೂರಿಸುವಂತಹ ಈ ಕೆಲಸಕ್ಕೆ ಸುಮಾರು ಒಂದು ವರ್ಷ ಹಿಡಿಯಿತು. ಅಪಾಚೆಯ ಹೆಸರಿನಲ್ಲಿ ಮೊದಲ ಆವೃತ್ತಿ ಹೊರಬಂದುದು 2012ರ ಮೇ 8ರಂದು. ಅಷ್ಟರಲ್ಲಿ ಲಿಬ್ರೆ ಆಫೀಸು ಎರಡು ದೊಡ್ಡ ಹೆಜ್ಜೆಗಳನ್ನು ಮುಂದಿಟ್ಟಿತ್ತು. ಉಬುಂಟು ಮೊದಲಾದ ಲಿನಕ್ಸ್ ವ್ಯವಸ್ಥೆಗಳು ಹಳೆಯದನ್ನು ಬಿಟ್ಟು ಅದನ್ನೇ ಒಳಗೊಂಡಿದ್ದುವು.

ಒಂದೇ ದಿಕ್ಕಿಗೆ ಹರಿಯುವ ಕಾಲುವೆ

ಎರಡು ಮನೆಗಳೂ ಮುಕ್ತವೇ ಆಗಿದ್ದ ಮೇಲೆ ಪರಸ್ಪರ ಕೊಡುಕೊಳ್ಳುವಿಕೆ ಇರಬಹುದಲ್ಲ ಎಂಬ ಪ್ರಶ್ನೆ ಏಳುತ್ತದೆ. ತೊಡಕು ಇದ್ದುದು ಲೈಸೆನ್ಸಿನಲ್ಲಿ. ಅಪಾಚೆಯ ಲೈಸೆನ್ಸು ಅತಿ ಉದಾರವಾದದ್ದು: ಅದರ ಮೂಲಪಾಠವನ್ನು ಯಾರು ಬೇಕಾದರೂ ತೆಗೆದುಕೊಂಡು, ತಿದ್ದಿ, ತಿದ್ದಿದ್ದನ್ನು ಗುಟ್ಟಾಗಿಟ್ಟು ಮಾರಬಹುದು. ಲಿಬ್ರೆ ಆಫೀಸಿನ ಲೈಸೆನ್ಸಿಗೆ ಒಂದು ಷರತ್ತುಂಟು: ತಿದ್ದಿ ಹಂಚುವವನು ತಿದ್ದುಪಡಿಯನ್ನೂ ಹಂಚಬೇಕು. ಪರಿಣಾಮವಾಗಿ, ಅಪಾಚೆಯ ಮನೆಯಲ್ಲಿ ಬರೆದದ್ದನ್ನು ಲಿಬ್ರೆ ಆಫೀಸಿನವರು ಧಾರಾಳವಾಗಿ ತೆಗೆದುಕೊಳ್ಳಬಹುದು; ಲಿಬ್ರೆ ಆಫೀಸಿನಲ್ಲಿ ಬರೆದದ್ದನ್ನು ಅಪಾಚೆಯವರು ತಮ್ಮ ನಿಯಮದ ಪ್ರಕಾರ ಮುಟ್ಟುವಂತಿಲ್ಲ.

2013ರ ಜುಲೈ ಇದಕ್ಕೆ ಸೊಗಸಾದ ದೃಷ್ಟಾಂತವನ್ನು ಒದಗಿಸಿತು. ಐಬಿಎಂ ತನ್ನ ತಂತ್ರಾಂಶದಿಂದ ದಾನವಾಗಿ ಕೊಟ್ಟಿದ್ದ ಪಕ್ಕದ ಸಲಕರಣೆಯ ಪಟ್ಟಿಯೊಂದು ಅಪಾಚೆಯ 4.0ನೆಯ ಆವೃತ್ತಿಯಲ್ಲಿ ಬಂದಿತು. ಎರಡು ದಿನಗಳ ತರುವಾಯ ಹೊರಬಂದ ಲಿಬ್ರೆ ಆಫೀಸಿನ 4.1ರಲ್ಲಿಯೂ ಅದೇ ಪಟ್ಟಿ ಪ್ರಯೋಗಾರ್ಥವಾಗಿ ಕಾಣಿಸಿಕೊಂಡಿತು! ಕಾಲುವೆ ಒಂದೇ ದಿಕ್ಕಿಗೆ ಹರಿಯುವಾಗ ಯಾವ ಗದ್ದೆ ಹಸುರಾಗುವುದೆಂದು ಊಹಿಸುವುದು ಕಷ್ಟವಲ್ಲ. ಹೊಸದಾಗಿ ಕೆಲಸಕ್ಕೆ ಬರುವವರೂ ಹೆಚ್ಚಾಗಿ ಹಸುರಿದ್ದ ಕಡೆಗೇ ಹೋದರು.

ಫಲಕವನ್ನು ನಂಬಿದವರು

ಸಾಮಾನ್ಯ ಬಳಕೆದಾರನಿಗೆ ಈ ಯಾವ ರಗಳೆಯೂ ತಿಳಿಯದು. ಅವನಿಗೆ ತಿಳಿದದ್ದು ಒಂದೇ ಹೆಸರು. ನೆಂಟರಿಷ್ಟರು ಹೇಳಿದ್ದೂ, ಪತ್ರಿಕೆಯಲ್ಲಿ ಓದಿದ್ದೂ ಅದೇ. 2014ರ ಏಪ್ರಿಲ್ ವೇಳೆಗೆ ಅಪಾಚೆ ಓಪನ್ ಆಫೀಸನ್ನು ಅಂತರಜಾಲದಿಂದ ಇಳಿಸಿಕೊಂಡ ಲೆಕ್ಕ 10 ಕೋಟಿಯನ್ನು ಮುಟ್ಟಿತ್ತು. ಡೇರೆಯ ಮುಂದೆ ಜನಸಂದಣಿ. ರಂಗದ ಮೇಲೆ ಬೆರಳೆಣಿಕೆಯ ನಟರು.

ಇದರ ಬೆಲೆಯನ್ನು ತೆತ್ತವನೂ ಆ ಬಳಕೆದಾರನೇ. 2015ರ ಏಪ್ರಿಲಿನಲ್ಲಿ, ಕೊರಿಯಾದ ಬರಹ ತಂತ್ರಾಂಶವೊಂದರ ಕಡತಗಳನ್ನು ತೆರೆಯುವ ಭಾಗದಲ್ಲಿ ಅಪಾಯಕಾರಿಯಾದ ದೋಷವೊಂದು ಬಯಲಾಯಿತು. ದುರುದ್ದೇಶದಿಂದ ಸಿದ್ಧಪಡಿಸಿದ ಕಡತವನ್ನು ತೆರೆದರೆ ಕಂಪ್ಯೂಟರಿನೊಳಕ್ಕೆ ಕನ್ನ ಹಾಕಲು ಅವಕಾಶವಿತ್ತು. ಲಿಬ್ರೆ ಆಫೀಸಿನವರು ದೋಷವನ್ನು ತಿದ್ದಿದ ಆವೃತ್ತಿಯನ್ನು ಕೂಡಲೇ ಒದಗಿಸಿದರು. ಅಪಾಚೆಯ ಕಡೆಯಿಂದ ಬಂದುದು ಒಂದು ಸಲಹೆ: ಆ ಭಾಗದ ಕಡತವನ್ನು ಬಳಕೆದಾರರೇ ಹುಡುಕಿ ಅಳಿಸಿಹಾಕಬೇಕು. ಸರಿಪಡಿಸಿದ ಆವೃತ್ತಿ ಹೊರಬಂದುದು ಅಕ್ಟೋಬರಿನ ಕೊನೆಯಲ್ಲಿ. ಆರು ತಿಂಗಳ ಕಾಲ ಮನೆಯ ಹಿತ್ತಿಲ ಬಾಗಿಲಿಗೆ ಅಗುಳಿಯಿಲ್ಲವೆಂಬುದು ಕಳ್ಳರಿಗೆ ತಿಳಿದಿತ್ತು. ಮನೆಯೊಳಗೆ ಮಲಗಿದ್ದವರಿಗೆ ತಿಳಿದಿರಲಿಲ್ಲ.

ಅಲ್ಲಿ ಉಳಿದಿದ್ದ ಸ್ವಯಂಸೇವಕರ ಶ್ರದ್ಧೆಯಲ್ಲಿ ಕೊರತೆಯಿತ್ತೆಂದು ಇದರ ಅರ್ಥವಲ್ಲ. ದೊಡ್ಡ ಮನೆ, ಕಡಿಮೆ ಕೈಗಳು. 2016ರ ಸೆಪ್ಟೆಂಬರಿನಲ್ಲಿ ಯೋಜನೆಯ ಮುಖ್ಯಸ್ಥರೇ, ಸುರಕ್ಷತೆಯ ಹೊಣೆಯನ್ನು ನಿರ್ವಹಿಸಲು ಸಾಧ್ಯವಾಗದಿದ್ದರೆ ಯೋಜನೆಯನ್ನು ಗೌರವದಿಂದ ಮುಚ್ಚಬೇಕಾದೀತೆಂಬ ಚರ್ಚೆಯನ್ನು ಬಹಿರಂಗವಾಗಿ ಎತ್ತಿದರು. ಮುಚ್ಚಲಿಲ್ಲ; ಅನಂತರವೂ ಆಗೊಮ್ಮೆ ಈಗೊಮ್ಮೆ ಸಣ್ಣ ಪರಿಷ್ಕರಣಗಳು ಹೊರಬಂದಿವೆ. 2020ರ ಅಕ್ಟೋಬರ್ 12ರಂದು, ಮೂಲಪಾಠ ಬಿಡುಗಡೆಯಾಗಿ ಇಪ್ಪತ್ತು ವರ್ಷ ತುಂಬುವ ಮುನ್ನಾದಿನ, ಡಾಕ್ಯುಮೆಂಟ್ ಫೌಂಡೇಶನ್ನಿನವರು ಅಪಾಚೆಯ ಗೆಳೆಯರಿಗೆ ಬಹಿರಂಗ ಪತ್ರ ಬರೆದರು. ಹೆಚ್ಚು ಚಟುವಟಿಕೆಯ ಇನ್ನೊಂದು ಮನೆಯಿದೆ ಎಂಬುದನ್ನು ಬಳಕೆದಾರರಿಗೆ ತಿಳಿಸಿ ಎಂಬುದಷ್ಟೇ ಅದರ ಪ್ರಾರ್ಥನೆ. ಹತ್ತು ವರ್ಷಗಳ ಹಿಂದೆ ಹೆಸರನ್ನು ಬೇಡಿದವರು ಈಗ ಬೇಡಿದ್ದು ಒಂದು ಸೂಚನಾಫಲಕವನ್ನು.

ಮುಂಜಾಗ್ರತೆಯ ಪಾಠ

ಈ ಕತೆಗೆ ಒಂದು ಸೋದರ ಕತೆಯಿದೆ. ಅದೇ ಸನ್ನಿನಿಂದ ಒರಾಕಲಿಗೆ ಬಂದ 'ಹಡ್ಸನ್' ಎಂಬ ತಂತ್ರಾಂಶದ ಕೆಲಸಗಾರರೂ ಹೆಸರಿನ ವಿಷಯದಲ್ಲಿ ಭಿನ್ನಾಭಿಪ್ರಾಯ ಬಂದು, 2011ರ ಜನವರಿಯಲ್ಲಿ ಮತ ಹಾಕಿ 'ಜೆಂಕಿನ್ಸ್' ಎಂಬ ಹೊಸ ಹೆಸರಿನಲ್ಲಿ ಬೇರೆಯಾದರು. ಒರಾಕಲ್ ಹಡ್ಸನ್ನನ್ನು ಎಕ್ಲಿಪ್ಸ್ ಪ್ರತಿಷ್ಠಾನಕ್ಕೆ ದಾನ ಮಾಡಿತು. 2017ರಲ್ಲಿ ಅದು ಮುಚ್ಚಿಹೋಯಿತು. ಜೆಂಕಿನ್ಸಿನವರು ಒಂದು ಜಾಣತನ ತೋರಿದರು. ಹೊಸ ಹೆಸರನ್ನು ಯಾವ ಕಂಪೆನಿಯ ಕೈಗೂ ಕೊಡದೆ, ಲಾಭವನ್ನು ಬಯಸದ ಸಂಸ್ಥೆಯೊಂದರ ವಶದಲ್ಲಿಟ್ಟರು. 2019ರಲ್ಲಿ ಅವರು ಲಿನಕ್ಸ್ ಪ್ರತಿಷ್ಠಾನದ ಆಶ್ರಯದ ಹೊಸ ಸಂಸ್ಥೆಗೆ ಮನೆ ಬದಲಾಯಿಸಿದಾಗ ಹೆಸರೂ ಉಸಿರೂ ಒಟ್ಟಾಗಿಯೇ ಹೋದವು.

ತಂತ್ರಾಂಶವೊಂದು ಆಶ್ರಯವನ್ನು ಬದಲಿಸುವಾಗ ಮೂಲಪಾಠದ ಸಾಗಾಟವೇ ದೊಡ್ಡ ಕೆಲಸವೆಂದು ತೋರುತ್ತದೆ. ವಾಸ್ತವವಾಗಿ ಅದೇ ಎಲ್ಲಕ್ಕಿಂತ ಹಗುರಾದ ಗಂಟು. ಜನ ಒಟ್ಟಾಗಿ ಹೊರಡುವರೇ, ಹೆಸರು ಅವರ ಜತೆ ಬರುವುದೇ, ಎರಡು ಮನೆಗಳ ನಿಯಮಗಳು ಹೊಂದುವುವೇ ಎಂಬುವೇ ತೂಕದ ಪ್ರಶ್ನೆಗಳು. ಇವುಗಳಿಗೆ ಉತ್ತರವನ್ನು ಸ್ನೇಹ ಚೆನ್ನಾಗಿದ್ದಾಗಲೇ ಬರೆದಿಡಬೇಕು. ಹೆಸರನ್ನು ಹೊಂದಿದ ಮನೆಗೂ ಒಂದು ಕರ್ತವ್ಯವುಂಟು: ನಂಬಿ ಬಂದವರನ್ನು ಕಾಯಲು ಆಗದಿದ್ದರೆ, ಕಾಯುವವರ ಮನೆಯ ದಾರಿಯನ್ನಾದರೂ ತೋರಿಸಬೇಕು.

ಲಿಬ್ರೆ ಆಫೀಸಿನ ಪಟ್ಟಿಗಳನ್ನೂ ಆಜ್ಞೆಗಳನ್ನೂ ಕನ್ನಡದಲ್ಲಿಯೂ ಕಾಣಬಹುದು. ಆ ಕನ್ನಡ ಪದಗಳನ್ನು ಒಂದೊಂದಾಗಿ ಕೂಡಿಸಿದ ದುಡಿಮೆಯೂ ಬರ್ಲಿನ್ನಿನ ದತ್ತಿಯ ಆಸರೆಯಲ್ಲಿ ಉಳಿದುಬಂದಿದೆ. ಮನೆಯ ಕಂಪ್ಯೂಟರಿನಲ್ಲಿ ಇಂದಿಗೂ ಹಳೆಯ ಹೆಸರಿನ ಗುರುತನ್ನು ಒತ್ತುವವರು, ಒಳಗಿರುವುದು ಯಾರು, ಬಾಗಿಲಿಗೆ ಅಗುಳಿ ಹಾಕಿದೆಯೇ ಎಂದು ಒಮ್ಮೆ ವಿಚಾರಿಸಿ ನೋಡುವುದು ಒಳ್ಳೆಯದು.